ಅಡ್ಡ ಇಟ್ಟ ಕೊಂಬೆಯನ್ನು ತೆಗೆಸಿದವರಿಗೆ

ಗುಡ್ಡದ ಸೈಕಲ್ ದಾರಿಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಅಣ್ಣ ಬಿದ್ದು ಸತ್ತ ದಾರಿಯನ್ನು ತಾವು ಶಾಶ್ವತವಾಗಿ ಮುಚ್ಚಿದ್ದೀರಿ. ಅದರ ಮಣ್ಣು ಮುಟ್ಟಿದವರ ಮೇಲೆ ಕ್ರಮ ಜರುಗಿಸುವುದಾಗಿ ಆದೇಶವನ್ನೂ ಹೊರಡಿಸಿದ್ದೀರಿ. ದಾರಿಯ ಬಾಯಿಗೆ ಕಬ್ಬಿಣದ ಗೇಟು ಬಂದಿದೆ, ಬೀಗ ಬಿದ್ದಿದೆ. ಬೀಗ ಬಹಳ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಗೇಟಿನ ಎರಡೂ ಪಕ್ಕ ಮಾತ್ರ ಬಟಾಬಯಲು. ಸವಾರರು ಸೈಕಲ್ ಎತ್ತಿಕೊಂಡು ಪಕ್ಕದಿಂದ ಆರಾಮಾಗಿ ಒಳಗೆ ಹೋಗುತ್ತಾರೆ. ಒಳಗೆ, ಉದ್ದನೆಯ ಇಳಿಜಾರಿನ ತುದಿಯಲ್ಲಿ, ಅಣ್ಣನನ್ನು ನುಂಗಿದ ತಿರುವು ಕುಸಿದು ಹೊಂಡವಾಗಿ ಹಾಗೆಯೇ ಬಾಯ್ದೆರೆದುಕೊಂಡಿದೆ. ಮುಚ್ಚಬೇಕಾಗಿದ್ದದ್ದು ಆ ಹೊಂಡವನ್ನಲ್ಲವೇ? ದಾರಿ ಮುಚ್ಚಿದರೆ ಹೊಂಡ ತಾನಾಗಿಯೇ ತುಂಬಿಕೊಳ್ಳುತ್ತದೆ ಎಂದು ತಮಗೆ ಯಾರು ಹೇಳಿದರು?

ತಮ್ಮ ಆದೇಶದಲ್ಲಿ ನಮ್ಮನ್ನು ‘ಅನಧಿಕೃತ ವ್ಯಕ್ತಿಗಳು’ ಎಂದು ಕರೆದಿದ್ದೀರಿ. ಊರಿನವರು ನಮ್ಮನ್ನು ಗುದ್ದಲಿ ಗ್ಯಾಂಗು ಎನ್ನುತ್ತಾರೆ. ಅಣ್ಣನದು ಸೈಕಲ್ ರಿಪೇರಿ ಅಂಗಡಿ. ಅಲ್ಲೇ ಕಿಟಕಿಯ ಪಕ್ಕ ಕೂತು ಕಡ್ಡಿ ಬಿಗಿದು ಚಕ್ರಗಳ ಡೊಂಕು ತೆಗೆಯುವುದು ನನ್ನ ಕೆಲಸ. ನಮ್ಮ ಜೊತೆ ಬಸ್ ಓಡಿಸುವ ಒಬ್ಬ ಹಿರಿಯರಿದ್ದಾರೆ, ಎಲ್ಲರಿಗೂ ಅವರು ಡ್ರೈವರ್ ಮಾವ. ಆಸ್ಪತ್ರೆಯ ನರ್ಸ್ ಒಬ್ಬರಿದ್ದಾರೆ. ಇನ್ನು ಕೆಲವರು ಮೈಬಗ್ಗಿಸುವ ಮನಸ್ಸಾದಾಗ ಬರುವವರು. ರಜೆಯ ಬೆಳಿಗ್ಗೆ ಜಗತ್ತೆಲ್ಲ ಹೊದ್ದು ಮಲಗಿರುವಾಗ ನಾವು ಗುದ್ದಲಿ, ಹಾರೆ ಹೆಗಲಿಗೇರಿಸಿಕೊಂಡು ಗುಡ್ಡ ಹತ್ತುತ್ತಿದ್ದೆವು. ಮಾಡುತ್ತಿದ್ದ ಕೆಲಸವೆಲ್ಲ ಹೆಚ್ಚುಕಡಿಮೆ ಒಂದೇ: ಮಳೆಯ ನೀರನ್ನು ದಾರಿಯಿಂದ ಆಚೆಗೆ ಕಳಿಸುವುದು. ಹಸಿ ಮಣ್ಣಿನ ಮೇಲೆ ಒಬ್ಬ ಸೈಕಲ್ ಬಿಟ್ಟರೆ ಟೈರಿನ ಗೀರು ಬೀಳುತ್ತದೆ, ಮುಂದಿನ ಮಳೆಯ ನೀರು ಆ ಗೀರನ್ನೇ ಹಿಡಿದು ಇಳಿಯುತ್ತದೆ, ಆಮೇಲೆ ಯಾವುದೋ ತಿರುವಿನಲ್ಲಿ ದಾರಿಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಅಲ್ಲಲ್ಲಿ ಓರೆಯಾಗಿ ಸಣ್ಣ ಕಾಲುವೆ ಕಡಿದು ನೀರು ಹೊರಬಿಡಬೇಕು, ತಿರುವಿನ ಹೊರಬದಿಗೆ ಕಲ್ಲು ಕೂರಿಸಬೇಕು. ಇದಕ್ಕೆ ಅಧಿಕಾರ ಬೇಕೆಂದು ನಮಗೆ ಹೊಳೆದಿರಲಿಲ್ಲ, ಬೆನ್ನು ಗಟ್ಟಿಯಿದ್ದರೆ ಸಾಕು ಎಂದುಕೊಂಡಿದ್ದೆವು.

ನಮ್ಮಲ್ಲೊಂದು ರೂಢಿ ಇತ್ತು. ಮಳೆ ನಿಂತ ಮೇಲೆ ದಾರಿ ನೋಡಲು ಮೊದಲು ಹೋದವರು, ಎಲ್ಲಾದರೂ ಕುಸಿತ ಕಂಡರೆ, ಅದಕ್ಕಿಂತ ಸಾಕಷ್ಟು ಮೇಲೆಯೇ, ಬ್ರೇಕು ಹಿಡಿಯಲು ಜಾಗ ಬಿಟ್ಟು, ಎಲೆ ಸಮೇತ ಒಂದು ಕೊಂಬೆ ಮುರಿದು ದಾರಿಗೆ ಅಡ್ಡ ಇಡುತ್ತಿದ್ದರು. ಕೊಂಬೆ ಕಂಡರೆ ಸೈಕಲ್ ಇಳಿದು ನಡೆಯಬೇಕು. ಕುಸಿದ ಜಾಗವನ್ನು ಯಾರು ಸರಿಮಾಡುತ್ತಾರೋ ಅವರೇ ಕೊಂಬೆಯನ್ನು ತೆಗೆಯಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಎಷ್ಟೋ ವರ್ಷ ಈ ಗುಡ್ಡದಲ್ಲಿ ಎಲ್ಲರೂ ಆ ಕೊಂಬೆಯನ್ನು ನಂಬಿ ಸೈಕಲ್ ಬಿಟ್ಟರು, ಸಂಜೆಗೆ ಮನೆ ಸೇರಿದರು.

ಆಮೇಲೆ ತಾವು ಬಂದಿರಿ. ನಮ್ಮ ಗುದ್ದಲಿಯಿಂದ ನಮಗೇ ಪೆಟ್ಟಾದರೆ ಹೊಣೆ ಯಾರು ಎಂಬ ಯೋಚನೆ ತಮ್ಮ ನಿದ್ದೆ ಕೆಡಿಸಿತಂತೆ. ಇಲಾಖೆಯವರಲ್ಲದೆ ಇನ್ನಾರೂ ಅಗೆಯುವಂತಿಲ್ಲ ಎಂದಿರಿ. ನಾವು ಕಚೇರಿಗೆ ಬಂದು ಮೊರೆಯಿಟ್ಟೆವು. ತಮ್ಮ ಕೋಣೆಯಲ್ಲಿ ಗುಡ್ಡದ್ದೇ ದೊಡ್ಡ ಫೋಟೊ ಇತ್ತು, ಮಳೆಗಾಲದ ಹಸಿರಿನದು. ಅದರ ಕೆಳಗೆ ಕೂತು ತಾವು ಅಣ್ಣನಿಗೆ ನಗುತ್ತಲೇ ಹೇಳಿದಿರಿ: “ನೀವ್ಯಾಕ್ರೀ ಸುಮ್ನೆ ತಲೆ ಕೆಡಿಸ್ಕೊಳ್ತೀರಾ? ಇಲಾಖೆ ಇದೆಯಲ್ಲ.” ಇಲಾಖೆ ಇದೆ, ಯಾರು ಇಲ್ಲ ಅಂದರು? ಗುದ್ದಲಿಗಳು ಅಂಗಡಿಯ ಮೂಲೆ ಸೇರಿದವು. ಕೊಂಬೆ ಇಡುವುದನ್ನು ಮಾತ್ರ ಬಿಡಲಿಲ್ಲ, ಕೊಂಬೆ ಇಟ್ಟರೆ ಅಗೆದಂತಾಗುವುದಿಲ್ಲವಲ್ಲ.

ಮೇಲಿನವರು ಪರಿಶೀಲನೆಗೆ ಬರುತ್ತಾರೆಂದು ತಾವು ದಾರಿ ಗುಡಿಸಲು ಜನ ಕಳಿಸಿದ ದಿನ ನೆನಪಿದೆಯೇ? ಹಿಂದಿನ ದಿನ ಮಳೆ ಜೋರಾಗಿತ್ತು. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ಗುಡ್ಡ ಹತ್ತಿದ ಡ್ರೈವರ್ ಮಾವ, ತಿರುವು ಕುಸಿದಿರುವುದನ್ನು ಕಂಡು ಇಳಿಜಾರಿನ ಮೇಲ್ಗಡೆ ಕೊಂಬೆ ಅಡ್ಡ ಇಟ್ಟುಬಂದರು. ಅವರ ಬೆನ್ನಿಗೇ ತಮ್ಮ ಗುತ್ತಿಗೆ ಕೆಲಸಗಾರರು ಪೊರಕೆ ಹಿಡಿದು ಬಂದರು. ದಾರಿಯಲ್ಲಿ ಒಂದು ಕಸ ಕಾಣಬಾರದೆಂದು ತಾವು ಹೇಳಿ ಕಳಿಸಿದ್ದಿರಿ. ಅವರ ಕಣ್ಣಿಗೆ ಕೊಂಬೆಯೂ ಕಸವೇ. ಅವರನ್ನು ನಾನು ದೂರುವುದಿಲ್ಲ, ನಮ್ಮ ರೂಢಿ ಅವರಿಗೆ ಯಾರೂ ಹೇಳಿರಲಿಲ್ಲ. ತಮಗೆ ಗೊತ್ತಿತ್ತು. ಫೋಟೊದ ಕೆಳಗೆ ಕೂತಿದ್ದ ದಿನ ಅಣ್ಣ ಅದನ್ನು ಬಿಡಿಸಿ ಬಿಡಿಸಿ ಹೇಳಿದ್ದ.

ಮಧ್ಯಾಹ್ನ ಅಣ್ಣನೂ ನಾನೂ ಹೊರಟೆವು. ಅಷ್ಟು ಮಳೆಯ ನಂತರ ಎಲ್ಲಾದರೂ ಕುಸಿದೇ ಇರುತ್ತದೆ, ಕೊಂಬೆ ಸಿಗುವವರೆಗೆ ನಿಧಾನ ಹೋಗೋಣ ಎಂದು ಅವನೇ ಹೇಳಿದ್ದ. ಇಳಿಜಾರಿನ ತಲೆಗೆ ಬಂದು ನಿಂತರೆ ದಾರಿ ಕನ್ನಡಿಯ ಹಾಗಿದೆ, ಪೊರಕೆಯ ಗೆರೆಗಳು ಕಾಣುತ್ತಿವೆ. ನಮ್ಮವರೇ ಯಾರೋ ಕದ್ದುಮುಚ್ಚಿ ತಿರುವು ಸರಿಮಾಡಿ, ದಾರಿಯನ್ನೂ ಗುಡಿಸಿ, ಕೊಂಬೆ ತೆಗೆದು ಹೋಗಿದ್ದಾರೆ ಎಂದುಕೊಂಡ ಅಣ್ಣ. ಮುಖವೆಲ್ಲ ನಗುವಾಗಿ ನನ್ನತ್ತ ತಿರುಗಿ, “ಕೊಂಬೆ ಇಲ್ಲ ಕಣೇ. ಬಾ, ಬಿಟ್ಬಿಡೋಣ” ಅಂದ.

ಪೆಡಲ್ ತುಳಿಯದೆ ಇಳಿಯುವಾಗ ಹಿಂದಿನ ಚಕ್ರದ ಫ್ರೀವೀಲ್ ಕಟಕಟ ಎನ್ನುತ್ತದೆ. ಒಂದೊಂದು ಸೈಕಲ್ಲಿನದು ಒಂದೊಂದು ಸದ್ದು. ಅಣ್ಣನದನ್ನು ನಾನು ಎಷ್ಟು ಸೈಕಲ್ಲುಗಳ ನಡುವೆಯೂ ಗುರುತಿಸಬಲ್ಲೆ. ಆ ಸದ್ದು ಮುಂದೆ ಮುಂದೆ ಹೋಯಿತು, ಮರಗಳ ಹಿಂದೆ ಮರೆಯಾಯಿತು, ಆಮೇಲೆ ಇದ್ದಕ್ಕಿದ್ದಂತೆ ನಿಂತಿತು. ಅಷ್ಟೇ. ‘ಸವಾರನ ಅತಿವೇಗವೇ ಕಾರಣ’ ಎಂದು ತಮ್ಮ ವರದಿ ಹೇಳುತ್ತದೆ. ಡ್ರೈವರ್ ಮಾವ ಈಗಲೂ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಎದ್ದು ಹೊರಡುವಾಗ, “ನಾನು ಇಟ್ಟಿದ್ದೆ ಕಣಮ್ಮ” ಅನ್ನುತ್ತಾರೆ. ಗೊತ್ತು ಮಾವ ಎಂದು ನಾನೂ ಪ್ರತಿಸಲ ಹೇಳುತ್ತೇನೆ.

ಇನ್ನು ಮುಂದಿನದನ್ನು ತಾವು ನಂಬದಿದ್ದರೂ ಬೇಸರವಿಲ್ಲ. ದೆವ್ವಗಳ ಅಹವಾಲಿಗೆ ತಮ್ಮ ಕಚೇರಿಯಲ್ಲಿ ಪ್ರತ್ಯೇಕ ವಿಭಾಗ ಇಲ್ಲವೆಂದು ಬಲ್ಲೆ. ಹಿಂದಿನಿಂದ ಫ್ರೀವೀಲಿನ ಸದ್ದು ಕೇಳಿದರೆ ಪಕ್ಕಕ್ಕೆ ಸರಿದು ದಾರಿ ಬಿಡುವುದು ಗುಡ್ಡದ ಮರ್ಯಾದೆ. ಅಣ್ಣ ಹೋದ ಮೇಲೆ ಒಂದು ಬೆಳಿಗ್ಗೆ ನಾವು ಕೆಲವರು ಆ ಇಳಿಜಾರಿನಲ್ಲಿ ನಡೆದುಹೋಗುತ್ತಿದ್ದೆವು. ಎಲ್ಲರೂ ಒಟ್ಟಿಗೇ ಪಕ್ಕಕ್ಕೆ ಸರಿದೆವು. ಯಾರೂ ಬರಲಿಲ್ಲ. ನರ್ಸಕ್ಕ ಇಂಥದ್ದಕ್ಕೆಲ್ಲ ಸೊಪ್ಪು ಹಾಕುವವರಲ್ಲ, ಅವರೂ ನನ್ನ ಮುಖ ನೋಡದೆ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡು ಮುಂದೆ ಹೋದರು. ಮತ್ತೆ ಹೋದಾಗಲೂ ಹಾಗೇ ಆಯಿತು. ಅಣ್ಣನ ಫ್ರೀವೀಲಿನ ಸದ್ದು ಹತ್ತಿರ ಬರುತ್ತದೆ, ಕೊಂಬೆ ಇಟ್ಟಿದ್ದ ಜಾಗದವರೆಗೆ ಬಂದು ನಿಲ್ಲುತ್ತದೆ. ಅದನ್ನು ದಾಟುವುದಿಲ್ಲ.

ಅತ್ತಿಗೆಗೆ ನಾನು ಏನೂ ಹೇಳಿರಲಿಲ್ಲ. ಅವರು ಸೈಕಲ್ ಹತ್ತಿದವರಲ್ಲ, ಗುಡ್ಡದ ಮರ್ಯಾದೆ ಅವರಿಗೆ ಗೊತ್ತಿಲ್ಲ. ಜಾಗ ನೋಡಬೇಕೆಂದು ಹಟ ಹಿಡಿದಾಗ ಕರೆದುಕೊಂಡು ಹೋದೆ. ಇಳಿಜಾರಿನ ನಡುವೆ ಅವರು ತಟಕ್ಕನೆ ಪಕ್ಕಕ್ಕೆ ಸರಿದು ನಿಂತರು. ಖಾಲಿ ದಾರಿಯನ್ನು ತುಂಬ ಹೊತ್ತು ನೋಡಿ, ಮನೆಯಲ್ಲಿ ಗೊಣಗುತ್ತಿದ್ದ ಅದೇ ದನಿಯಲ್ಲಿ, “ಊರವ್ರ ಚೈನಿಗೆಲ್ಲ ಎಣ್ಣೆ ಬಿಡ್ತಾರೆ, ತಮ್ಮ ಸೈಕಲ್ಲಿಗೆ ಮಾತ್ರ ಇವತ್ತಿಗೂ ಇಲ್ಲ” ಅಂದರು. ಆಸ್ಪತ್ರೆಯಲ್ಲಿ ಅಳದವಳು ನಾನು ಅಲ್ಲಿ ಕೂತು ಅತ್ತೆ.

ಮೊನ್ನೆ ಒಂದು ಹುಡುಗಿ ತಮ್ಮ ಗೇಟಿನ ಪಕ್ಕದಿಂದ ಒಳಗೆ ಹೋಗಿ ಅದೇ ತಿರುವಿನಲ್ಲಿ ಬಿದ್ದಳು. ಪುಣ್ಯಕ್ಕೆ ತೋಳು ಮಾತ್ರ ಮುರಿಯಿತು. ನರ್ಸಕ್ಕ ಪಟ್ಟಿ ಕಟ್ಟುವಾಗ ಅವಳು ಕೇಳಿದಳಂತೆ: “ಗೇಟಿತ್ತು ಅಕ್ಕ, ನಿಜ. ಮುಂದೆ ಗುಂಡಿ ಇದೆ ಅಂತ ಯಾಕೆ ಯಾರೂ ಹೇಳ್ಲಿಲ್ಲ?” ಇದಕ್ಕೆ ತಮ್ಮ ಬಳಿ ಉತ್ತರವಿದ್ದರೆ ದಯವಿಟ್ಟು ಅವಳಿಗೇ ಹೇಳಿ. ನಾವು ಮತ್ತೆ ಇಟ್ಟ ಕೊಂಬೆಗಳನ್ನು ತಮ್ಮವರು ‘ಅಡಚಣೆ’ ಎಂದು ಎತ್ತಿ ಎಸೆಯುತ್ತಿದ್ದಾರೆ ಎಂಬುದನ್ನೂ ಜೊತೆಗೇ ಹೇಳಿಬಿಡಿ.

ನಮಗೆ ತಮ್ಮಿಂದ ಗುದ್ದಲಿ ಬೇಡ, ಸನ್ಮಾನ ಬೇಡ, ವರದಿಯನ್ನು ತಿದ್ದುವುದೂ ಸದ್ಯಕ್ಕೆ ಬೇಡ. ಆ ತಿರುವನ್ನು ನಮ್ಮ ಕೈಗೆ ಕೊಡಿ. ಮೇಲ್ಗಡೆ ಕಾಲುವೆ ಕಡಿದು, ಹೊರಬದಿಗೆ ಕಲ್ಲು ಕಟ್ಟಿ, ಮಣ್ಣು ತುಂಬಿ ದಮ್ಮಸು ಮಾಡುತ್ತೇವೆ. ಅಲ್ಲಿಯವರೆಗೆ ಕೊಂಬೆಯನ್ನು ಯಾರೂ ಮುಟ್ಟಬಾರದೆಂದು ತಮ್ಮ ಕೆಲಸಗಾರರಿಗೆ ತಿಳಿಸಿ. ಅನುಮತಿ ಬಂದರೂ ಬಾರದಿದ್ದರೂ ಬರುವ ರಜೆಯ ದಿನ ನಾವು ಅಲ್ಲಿರುತ್ತೇವೆ. ಕ್ರಮ ಜರುಗಿಸಲು ತಾವೇ ಬನ್ನಿ, ಇಳಿಜಾರಿನಲ್ಲಿ ನಡೆದೇ ಬನ್ನಿ.

ಮಳೆಗಾಲ ಹತ್ತಿರ ಬಂತು. ಆ ದಾರಿಯಲ್ಲಿ ಈಗ ನಾನು ಒಬ್ಬನಿಗೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೇನೆ. ಅವನ ಹಿಂದೆ ಇನ್ನೊಬ್ಬರ ಸದ್ದೂ ಬಂದರೆ ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ.

ಇಂತಿ,
ತಮ್ಮ ವರದಿಯಲ್ಲಿ ಹೆಸರೂ ಇಲ್ಲದ ‘ಸವಾರ’ನ ತಂಗಿ,
ಅನಧಿಕೃತ ವ್ಯಕ್ತಿ