ನುಂಗಿದ ಏಳು ವರ್ಷ

ಮಾರ್ಚ್ ೧೧, ಮಂಗಳವಾರ

ಇಪ್ಪತ್ತೆರಡು ವರ್ಷ ಈ ಲ್ಯಾಬಿನಲ್ಲಿ ಊರವರ ರಕ್ತ ತೆಗೆದವಳು ಇವತ್ತು ನನ್ನದನ್ನೇ ಕೊಟ್ಟೆ. ಲಿವರಿನಲ್ಲಿ ಕೊಬ್ಬಿರುವುದು ಹಳೇ ಸುದ್ದಿ. ಅದರಿಂದ ಲಿವರು ಗಾಯವಾಗಿ ಕಲೆಗಟ್ಟುತ್ತಿದೆಯೇ ಎಂದು ಸೂಜಿ ಚುಚ್ಚಿ ಚೂರು ತೆಗೆಯದೆಯೇ ಅಂದಾಜು ಮಾಡಬಹುದು; ಮೂರು ರಕ್ತಪರೀಕ್ಷೆ, ಜೊತೆಗೆ ವಯಸ್ಸು, ಅಷ್ಟೇ ಲೆಕ್ಕ. ೧.೨೮ ಬಂತು. ೧.೩ರ ಕೆಳಗಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ನಮ್ಮ ಯಜಮಾನರಿಗೆ ಖುಷಿಯೋ ಖುಷಿ.

ಆದರೆ ಫಾರಂ ತುಂಬಿದವರು ಅವರು. ವಯಸ್ಸು ನಲವತ್ತೊಂಬತ್ತು ಎಂದು ಬರೆದಿದ್ದಾರೆ, ಪಾಪ. ಮದುವೆ ಮಾತುಕತೆಯಲ್ಲಿ ಅಕ್ಕ ನನ್ನ ಏಳು ವರ್ಷ ನುಂಗಿಹಾಕಿದ್ದಳು. ನಿಜವಾದ ವಯಸ್ಸು ಹಾಕಿ ಮತ್ತೆ ಲೆಕ್ಕ ಮಾಡಿದೆ: ೧.೪೬. ಗೆರೆ ದಾಟಿದೆ, ಇನ್ನೊಂದು ಪರೀಕ್ಷೆ ಬೇಕು.

ಅಕ್ಕನಿಗೆ ಫೋನ್ ಮಾಡಿದೆ.

"ಸುಮ್ನಿರೇ, ಇಷ್ಟು ವರ್ಷ ಆದ್ಮೇಲೆ ಯಾರಿಗೆ ಗೊತ್ತಾಗತ್ತೆ?"

"ನೀನು ಹೇಳಿದ ಸುಳ್ಳನ್ನ ಲಿವರು ನಂಬಬೇಕಲ್ಲ!"

ಊಟದ ಹೊತ್ತಿಗೆ ಯಜಮಾನರಿಗೆ ಹೇಳಿಯೇಬಿಟ್ಟೆ. ಅವರಿಗೆ ಐವತ್ತೆರಡು. ತುತ್ತು ಕೈಯಲ್ಲೇ ನಿಂತಿತು.

"ಅಂದ್ರೆ ನೀನು ನನಗಿಂತ ದೊಡ್ಡೋಳಾ?"

"ನಾಲ್ಕು ವರ್ಷ. ಇನ್ಮೇಲೆ ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ."

ಅವರಿನ್ನೂ ಮುಖ ಊದಿಸಿಕೊಂಡೇ ಇದ್ದಾರೆ. ಊದಿಸಿಕೊಳ್ಳಲಿ. ನಾಳೆ ಡಾಕ್ಟರ ಮುಂದೆ ಹೊಸ ಫಾರಂ ಇಡುತ್ತೇನೆ. ಮುಂದಿನ ಪರೀಕ್ಷೆ ಏನೇ ಇರಲಿ, ಐವತ್ತಾರರವಳೇ ಎದುರಿಸುತ್ತಾಳೆ. ಆ ನಲವತ್ತೊಂಬತ್ತರವಳು ಬೇಕಿದ್ದರೆ ಅಕ್ಕನ ಮನೆಯಲ್ಲಿ ಹೋಗಿ ಇರಲಿ.