ಗೋಡೆಯ ಮೇಲೆ ಕೂತ ಬುಬು

ಮಾನ್ಯ ಹೆದ್ದಾರಿ ಸೌಂದರ್ಯಾಧಿಕಾರಿಗಳೇ,

ಸುವಾ–ನೌಸೋರಿ ರಸ್ತೆಯ ಬದಿಯಿಂದ ವಾಸಿತಿ ಎಂಬ ಮುದುಕಿಯನ್ನು ಎಬ್ಬಿಸಿದಿರಿ. ಅದೇ ಜಾಗದಲ್ಲಿ ಗೋಡೆ ಕಟ್ಟಿಸಿ ಅದರ ಮೇಲೆ ಅವರದೇ ಚಿತ್ರ ಬರೆಸಿದಿರಿ. ಚಿತ್ರದ ಕೆಳಗೆ ‘ನಮ್ಮ ರಸ್ತೆಬದಿಯ ಸಂಸ್ಕೃತಿ’ ಎಂಬ ದಪ್ಪಕ್ಷರ. ಅದರ ಕೆಳಗೆ ‘ಇಲ್ಲಿ ಮಾರಾಟ ನಿಷೇಧಿಸಿದೆ’ ಎಂಬ ಫಲಕ. ಸಂಸ್ಕೃತಿಯನ್ನು ಇಷ್ಟು ಅಚ್ಚುಕಟ್ಟಾಗಿ ಕಾಪಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಪ್ಪತ್ತೇಳು ವರ್ಷ ಈ ರಸ್ತೆಯಲ್ಲಿ ಬಸ್ಸು ಓಡಿಸಿದವನು ನಾನು. ವಾಸಿತಿ ಊರಿಗೆಲ್ಲ ಅಜ್ಜಿ, ಹಾಗಾಗಿ ಅವರದೇ ಮಾತಿನಲ್ಲಿ ನಮಗೆಲ್ಲ ಬುಬು. ಮಳೆಮರದ ಕೆಳಗೆ ಗೋಣಿ ಹಾಸಿ ಬದನೆ, ಟೊಮೆಟೊ, ಮರಗೆಣಸುಗಳನ್ನು ಗುಡ್ಡೆ ಹಾಕಿಕೊಂಡು ಕೂರುತ್ತಿದ್ದರು. ಗುಡ್ಡೆ ಕೊಂಡವರಿಗೆಲ್ಲ ಮೇಲೊಂದಿಷ್ಟು ಕೊಸರು. ನನ್ನ ಹೆಂಡತಿ ಬಸುರಿಯಾಗಿದ್ದಾಗಲಂತೂ ಗುಡ್ಡೆಗಿಂತ ಕೊಸರೇ ದೊಡ್ಡದಿರುತ್ತಿತ್ತು.

ಆದರೆ ಗುಡ್ಡೆ ವ್ಯಾಪಾರ ಪಾರದರ್ಶಕವಲ್ಲವೆಂದು ತಮಗೆ ಜ್ಞಾನೋದಯವಾಯಿತು. ಪೆಟ್ರೋಲ್ ಬಂಕಿನ ಹಿಂದೆ, ಬಸ್ಸಿನವರ ಕಣ್ಣಿಗೇ ಬೀಳದಂತೆ, ಒಂದೇ ಬಣ್ಣದ ಮಳಿಗೆಗಳು ಎದ್ದವು. ತಕ್ಕಡಿ ಇದ್ದವರಿಗೆ ಮಾತ್ರ ಮಳಿಗೆ. ತಮ್ಮ ಇನ್‌ಸ್ಪೆಕ್ಟರು ಬಂದು ಹೇಳಿದ್ದನ್ನು ನಾನೇ ನಿಂತು ಕೇಳಿದ್ದೇನೆ.

“ಬುಬು, ಒಂದು ತಕ್ಕಡಿ ಇಟ್ಕೊಂಬಿಡಿ, ನಾಳೇನೇ ಮಳಿಗೆ ಕೊಡ್ತೀವಿ.”

“ಯಾಕಪ್ಪಾ, ನನ್ನ ಕೈ ಮೇಲಿನ ನಂಬಿಕೆ ಹೋಯ್ತಾ? ನಿಮ್ಮಮ್ಮ ನಿನ್ನ ಹೊಟ್ಟೇಲಿಟ್ಕೊಂಡು ಬರ್ತಿದ್ದಾಗ ನಾನೇನು ತೂಗಿ ಕೊಡ್ತಿದ್ನಾ?”

ಇನ್‌ಸ್ಪೆಕ್ಟರು ತಲೆ ತಗ್ಗಿಸಿ ‘ಸಹಕರಿಸಲಿಲ್ಲ’ ಎಂದು ಬರೆದುಕೊಂಡರು. ಪಾಪ, ಅವರ ನಮೂನೆಯಲ್ಲಿ ನಾಚಿಕೆಗೆ ಕಾಲಂ ಇರಲಿಲ್ಲ.

ಕಳೆದ ಶನಿವಾರ ಬುಬುವನ್ನು ಆ ಚಿತ್ರ ತೋರಿಸಲು ಕರೆದೊಯ್ದೆ. ತಮ್ಮ ಕಲಾವಿದರು ಮುಖದ ಸುಕ್ಕನ್ನೂ ಬಿಡದೆ ಬರೆದಿದ್ದಾರೆ. ಕೈಗೆ ಮಾತ್ರ ತಕ್ಕಡಿ ಕೊಟ್ಟಿದ್ದಾರೆ. ಬುಬು ಆ ತಕ್ಕಡಿಯತ್ತ ಬೆರಳು ತೋರಿಸಿದರು.

“ಮಿಕ್ಕಿದ್ದೆಲ್ಲ ಇರ್ಲಿ ಭೈಯಾ, ಅದೊಂದನ್ನ ಯಾಕೆ ಹಿಡಿಸಿದ್ರು? ನನ್ನ ಮೊಮ್ಮಕ್ಕಳು ನೋಡಿದ್ರೆ ಅಜ್ಜಿ ಜಿಪುಣಿ ಅಂದ್ಕೊಳಲ್ವಾ?”

ಅವರು ಅಳಲಿಲ್ಲ. ಈಗ ಅವರು ದಿನವಿಡೀ ಮನೆಯಲ್ಲೇ ಕೂತಿರುತ್ತಾರೆ. ತೋಟದ ಬದನೆ ಗಿಡದಲ್ಲೇ ಹಣ್ಣಾಗುತ್ತಿದೆ.

ಆದ್ದರಿಂದ ಬುಬುವನ್ನು ಗುಡ್ಡೆಗಳ ಸಮೇತ ಮರದ ಕೆಳಗೆ ಮತ್ತೆ ಕೂರಿಸಿ. ಅದು ಆಗದೆಂದಾದರೆ, ಕಾನೂನು ಎಲ್ಲರಿಗೂ ಒಂದೇ ತಾನೆ, ಗೋಡೆಯ ಮೇಲಿನವಳಿಗೂ ನೋಟೀಸು ಕೊಡಿ. ಮಾರಾಟ ನಿಷೇಧಿಸಿದ ಜಾಗದಲ್ಲಿ ಹಗಲು ರಾತ್ರಿ ಕೂತಿದ್ದಾಳೆ. ಸಾಲದ್ದಕ್ಕೆ, ಇದುವರೆಗೆ ಒಬ್ಬ ಬಸುರಿಗೂ ಕೊಸರು ಕೊಟ್ಟಿಲ್ಲ.

ಇಂತಿ,
ಆ ಕೊಸರು ತಿಂದು ಬೆಳೆದ ಮೂವರು ಮಕ್ಕಳ ತಂದೆ,
ರಾಮ್‌ಸುಮೇರ್
(ನಿವೃತ್ತ ಬಸ್ ಚಾಲಕ; ಈಗ ಆ ಮರದ ಬಳಿ ಬ್ರೇಕು ಹಾಕಲು ಕಾರಣವೂ ಉಳಿಯದವನು)