ಮೂರನೇ ಮಹಡಿಗೆ ಹತ್ತಬೇಕಾದ ಮೊಣಕಾಲು

ಮೊಣಕಾಲಿನ ಚುಚ್ಚುಮದ್ದುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕೀಲು ಸವೆದವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಜೆಲ್ ಇಂಜೆಕ್ಷನ್ನನ್ನು ನೀವು ನಿಲ್ಲಿಸಿದ್ದೀರಿ. ಇನ್ನು ಮೇಲೆ ಸ್ಟೀರಾಯ್ಡ್ ಒಂದೇ ಸಾಕು, ಎರಡರ ನಡುವೆ "ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ" ಎಂಬ ನಿಮ್ಮ ತೀರ್ಪನ್ನು ಇಂಜೆಕ್ಷನ್ ಕೋಣೆಯ ಬಾಗಿಲಿಗೆ ಅಂಟಿಸಿದ್ದಾರೆ. ಎರಡನ್ನೂ ಇದೇ ಬಲ ಮೊಣಕಾಲಿಗೆ ಚುಚ್ಚಿಸಿಕೊಂಡವಳು ನಾನು. ವ್ಯತ್ಯಾಸ ನನಗೆ ಕಂಡಿದೆ. ನನ್ನ ಮೊಮ್ಮಗಳ ಕೆಳದವಡೆಯಲ್ಲಿ, ಹಲ್ಲು ಇರಬೇಕಾದ ಜಾಗದಲ್ಲಿ ಕಂಡಿದೆ. ನಿಮ್ಮ ಸಮಿತಿ ಅಲ್ಲಿ ಹುಡುಕಲಿಲ್ಲ, ಅಷ್ಟೇ.

ನಾನು ಹಾಸಿಗೆ ಹೊಲಿಯುವವಳು. ಹತ್ತಿಯನ್ನು ಕೋಲಿನಿಂದ ಬಡಿದು ಬಿಡಿಸಬೇಕು, ಗವಸಿಗೆ ತುಂಬಬೇಕು, ಗೇಣುದ್ದದ ದಬ್ಬಳದಿಂದ ಈ ಕಡೆಯಿಂದ ಆ ಕಡೆಗೆ ಚುಚ್ಚಿ ದಾರ ಎಳೆಯಬೇಕು. ಎಲ್ಲವೂ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸ. ಕೂತು ಕೂತು ಕೀಲಿನೊಳಗಿನ ಮೆತ್ತೆ ಸವೆದುಹೋಗಿದೆ ಎಂದು ಮೂಳೆ ಡಾಕ್ಟರು ಫೋಟೋ ಹಿಡಿದು ತೋರಿಸಿದರು. ಕಂಡವರ ಬೆನ್ನಿಗೆಲ್ಲ ಮೆತ್ತೆ ಒದಗಿಸಿದವಳಿಗೆ ತನ್ನ ಮೂಳೆಗೆ ಇಟ್ಟುಕೊಳ್ಳಲು ಚೂರು ಉಳಿಯಲಿಲ್ಲ.

ಅಂಗಡಿ ನೆಲಮಹಡಿಯಲ್ಲಿದೆ, ಹಿಂದಿನ ಕೋಣೆಯಲ್ಲಿ ನನ್ನ ವಾಸ. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಮೊಮ್ಮಗಳ ಸಂಸಾರ. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವಳು ನಾನೇ. ಅವಳ ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾನೆ. ಹಗಲೆಲ್ಲ ಕಂಡರಿಯದವರ ಪಕ್ಕ ಕೂತು, ಗಾಬರಿ ಆಗಬೇಡಿ, ಕ್ಲಚ್ ಮೆಲ್ಲಗೆ ಬಿಡಿ ಎಂದು ಹೇಳಿಕೊಡುವ ಶಾಂತಮೂರ್ತಿ. ಆ ಶಾಂತಿಯೆಲ್ಲ ಸಂಜೆಯ ಹೊತ್ತಿಗೆ ಖರ್ಚಾಗಿರುತ್ತಿತ್ತು. ಅಡುಗೆ ತಡವಾದರೆ ಒಂದು ಏಟು, ಬೇಗ ಆಗಿ ಆರಿದ್ದರೆ ಇನ್ನೊಂದು. ಮೆಟ್ಟಿಲ ಸಂದಿಯಿಂದ ಸದ್ದು ಕೆಳಗಿಳಿದು ನನ್ನ ಕೋಣೆಗೆ ಬರುತ್ತಿತ್ತು. ನನಗೆ ಮೇಲೆ ಹೋಗಲಾಗುತ್ತಿರಲಿಲ್ಲ. ಮೆಟ್ಟಿಲು ಹತ್ತಲು ಏನು ಅಷ್ಟು ಅವಸರ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ಠಾಣೆಗೆ ಹೋಗಬಾರದಿತ್ತೇ ಎನ್ನುತ್ತೀರಿ. ಹೋಗಿದ್ದೆವು. ಗಂಡ ಹೆಂಡತಿ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ಹೊಂದಿಕೊಂಡು ಹೋಗಿ ಎಂದು ಬುದ್ಧಿ ಹೇಳಿ ಕಳಿಸಿದರು. ಅವನು ಎಲ್ಲರಿಗೂ ಟೀ ತರಿಸಿದ. ಆ ಟೀಯ ಲೆಕ್ಕವನ್ನು ಮನೆಗೆ ಬಂದು ಅವಳ ಬೆನ್ನಿನ ಮೇಲೆ ಬರೆದ.

ಮೊದಲು ನನಗೆ ಕೊಟ್ಟದ್ದು ನಿಮ್ಮ ಮೆಚ್ಚಿನ ಸ್ಟೀರಾಯ್ಡ್. ಅದರ ಮೇಲೆ ಸುಳ್ಳು ಹೇಳಿದರೆ ನನ್ನ ಬಾಯಿಗೆ ಹುಳ ಬೀಳಲಿ. ಎರಡು ಮೂರು ದಿನದಲ್ಲಿ ನೋವು ಹೇಳದೆ ಕೇಳದೆ ಓಡಿಹೋಯಿತು. ಆ ವಾರವೇ ಮೇಲಿನಿಂದ ಸದ್ದು ಕೇಳಿಸಿತು. ಹತ್ತಿ ಬಡಿಯುವ ಕೋಲು ಹಿಡಿದು ಹತ್ತಿದೆ. ಅವನು ಅವಳ ತಲೆಯನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಅವನ ಮೊಣಕೈಗೆ ಒಂದು, ಕೆಳಗೆ ಬಿದ್ದವನ ತೊಡೆಗೆ ಎರಡು. ಗಂಟುಕಟ್ಟಿದ ಹಳೇ ಹತ್ತಿಯನ್ನು ಹೇಗೆ ಬಡಿಯುತ್ತೇವೋ ಹಾಗೆ, ಸಾವಧಾನವಾಗಿ ಬಡಿದೆ. ಮುಂದಿನ ಕೆಲವು ವಾರ ಆ ಮನೆಯಲ್ಲಿ ತಟ್ಟೆ ಇಡುವ ಸದ್ದೂ ಜೋರಾಗಿ ಕೇಳಲಿಲ್ಲ.

ಆಮೇಲೆ ಮದ್ದಿನ ಜೋರು ಇಳಿಯಿತು. ನಾನು ಗೋಡೆ ಹಿಡಿದು ನಡೆಯುವುದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ. ನಕ್ಕ.

"ಏನಜ್ಜಿ, ಇಂಜೆಕ್ಷನ್ ಖಾಲಿ ಆಯ್ತಾ?" ಅಂದ.

ನಿಮ್ಮ ಸಮಿತಿಯಲ್ಲಿ ಎಷ್ಟು ಜನ ಪಂಡಿತರಿದ್ದರೋ ನನಗೆ ಗೊತ್ತಿಲ್ಲ. ನನ್ನ ಮೊಣಕಾಲನ್ನು ಇವನಷ್ಟು ಶ್ರದ್ಧೆಯಿಂದ ಗಮನಿಸಿದವರು ಒಬ್ಬರೂ ಇರಲಿಕ್ಕಿಲ್ಲ.

ಸ್ಟೀರಾಯ್ಡನ್ನು ಮತ್ತೆ ಮತ್ತೆ ಚುಚ್ಚಿದರೆ ಇರುವ ಚೂರು ಮೆತ್ತೆಯೂ ಹಾಳಾಗಬಹುದು ಎಂದು ಡಾಕ್ಟರು ಜೆಲ್ ಕೊಟ್ಟರು. ಇದು ನಿಧಾನ, ತಿಂಗಳೊಪ್ಪತ್ತು ತಾಳಿ ಎಂದರು. ನಾನು ತಾಳಿದೆ, ಅವನು ತಾಳಲಿಲ್ಲ. ಒಂದು ಸಂಜೆ ಅವಳು ನನ್ನನ್ನು ಕೂಗುವುದು ಕೇಳಿಸಿತು. ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೈಯೂರಿ, ಕುಂಡೆಯನ್ನು ಒಂದೊಂದೇ ಮೆಟ್ಟಿಲಿಗೆ ಎತ್ತಿ ಹಾಕುತ್ತಾ ಹತ್ತಿದೆ. ಅರ್ಧ ದಾರಿಯಲ್ಲಿ ಕೂಗು ನಿಂತಿತು. ಕೂಗು ಕೇಳುವುದಕ್ಕಿಂತ ಅದು ನಿಲ್ಲುವುದು ಹೆಚ್ಚು ಭಯ ಎಂದು ನನಗೆ ಆಗ ತಿಳಿಯಿತು. ನಾನು ಮನೆ ಮುಟ್ಟುವಷ್ಟರಲ್ಲಿ ಅವನು ಕೈ ತೊಳೆದುಕೊಂಡು ಟೀವಿ ಹಾಕಿದ್ದ. ಅವಳು ಅಡುಗೆಮನೆಯ ತೊಟ್ಟಿಗೆ ರಕ್ತ ಉಗಿಯುತ್ತಿದ್ದಳು. ಹಲ್ಲು ತೊಟ್ಟಿಯ ಜಾಲರಿಯಲ್ಲಿ ಸಿಕ್ಕಿಕೊಂಡಿತ್ತು.

ಜೆಲ್ ಹಿಡಿದ ಮೇಲೆ ಕತೆ ಬೇರೆಯಾಯಿತು. ಓಡುವಂಥ ಕಾಲು ಬರಲಿಲ್ಲ, ನಿಜ. ಆದರೆ ದಿನಾ ಸಂಜೆ ನಿಂತು ನಿಂತು ಹತ್ತುವಂಥ ಕಾಲು ಬಂತು. ಮೇಲೆ ಹೋಗಿ ಅವರ ಕುರ್ಚಿಯಲ್ಲಿ ಕೂತು, ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಅವನು ಉಂಡು ಮಲಗುವವರೆಗೂ ನೋಡುತ್ತಿದ್ದೆ. ಸ್ಟೀರಾಯ್ಡ್ ದಾಳಿ ಮಾಡುವವರ ಮದ್ದು, ಜೆಲ್ ಕಾವಲು ಕೂರುವವರ ಮದ್ದು. ಇದು ಗಣನೀಯವೋ ಅಲ್ಲವೋ ನೀವೇ ಹೇಳಿ. ಸುಮಾರು ಆರು ತಿಂಗಳು ಆ ಹುಡುಗಿಯ ಮೈಮೇಲೆ ಹೊಸ ಕಲೆ ಬೀಳಲಿಲ್ಲ.

ನಿಮ್ಮ ಲೆಕ್ಕ ತಪ್ಪು ಎಂದು ನಾನು ಹೇಳುತ್ತಿಲ್ಲ. ನನ್ನ ಜೊತೆ ಆಸ್ಪತ್ರೆಯ ಸಾಲಿನಲ್ಲಿ ಕೂರುತ್ತಿದ್ದ ದರ್ಜಿಗೆ ಜೆಲ್ಲಿನಿಂದ ಏನೂ ಆಗಲಿಲ್ಲ. ನೀರು ಚುಚ್ಚಿದ ಹಾಗಾಯಿತು ಎಂದು ಬೈದುಕೊಂಡೇ ಹೋದ. ಅವನ ಕಾಲನ್ನೂ ನನ್ನ ಕಾಲನ್ನೂ ಕೂಡಿಸಿ ಭಾಗಿಸಿದರೆ ಬರುವುದು ಯಾರ ಕಾಲು ಸ್ವಾಮಿ? ಅಂಥ ಕಾಲಿನ ಮೇಲೆ ಯಾರು ನಿಂತಿದ್ದಾರೆ? ನೋವು ಎಷ್ಟಿದೆ ಎಂದು ಹತ್ತಕ್ಕೆ ಅಂಕ ಕೇಳಿದಿರಿ, ಕೊಟ್ಟೆ. ಈ ಕಾಲು ನಿನಗೆ ಯಾತಕ್ಕೆ ಬೇಕು ಎಂದು ಯಾರಾದರೂ ಕೇಳಿದಿರಾ? ಖಾಸಗಿಯವರ ಬಳಿ ಹೋದರೆ ನನ್ನದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಅದನ್ನೇ ಕೀಲಿಗೆ ಚುಚ್ಚಿ ನನಗೇ ಮಾರುತ್ತಾರಂತೆ. ರಕ್ತ ನಮ್ಮ ಮನೆಯಲ್ಲಿ ಪುಕ್ಕಟೆಯಾಗಿಯೇ ಬೇಕಾದಷ್ಟು ಹರಿದಿದೆ.

ನಿಮ್ಮ ಚೀಟಿ ಬಾಗಿಲಿಗೆ ಬಿದ್ದಾಗ ನನ್ನ ಜೆಲ್ಲೂ ಮುಗಿಯುತ್ತಿತ್ತು. ಸ್ಟೀರಾಯ್ಡಾದರೂ ಕೊಡಿ ಎಂದೆ. ಡಾಕ್ಟರು ಹೊಸ ಫೋಟೋ ನೋಡಿ, ಈ ಕೀಲಿಗೆ ಬೇಡ ಎಂದು ತಲೆಯಾಡಿಸಿದರು. ನಾನು ಬರಿಗಾಲಲ್ಲಿ, ಎಂದರೆ ಬರೀ ನೋವಿನ ಕಾಲಲ್ಲಿ, ವಾಪಸು ಬಂದೆ. ಮೊಮ್ಮಗಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಅಂದಳು:

"ನೀನು ಮೇಲೆ ಹತ್ತೋದನ್ನ ಕಾಯ್ತಾ ಕೂತ್ರೆ ನಾನು ಉಳಿಯಲ್ಲ ಅಜ್ಜಿ. ನಾನೇ ಕೆಳಗೆ ಬಂದ್ಬಿಡ್ತೀನಿ."

ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬಂದಳು. ಮರುದಿನ ಸಂಜೆ ಅವನೂ ಬಂದ. ನಾನು ನೆಲದ ಮೇಲೆ ಡಬಲ್ ಹಾಸಿಗೆಯೊಂದರ ಅಂಚು ಹೊಲಿಯುತ್ತಿದ್ದೆ. ಅವನು ಮಾತಿಲ್ಲದೆ ಒಳಗೆ ನುಗ್ಗಿ, ಅವಳ ಜಡೆಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಹತ್ತಿಯ ಮೇಲೆ, ನನ್ನ ಮುಂದೆಯೇ ಎಳೆದುಕೊಂಡು ಹೊರಟ. ಏಳಲು ನೋಡಿದೆ, ಕಾಲು ಏಳಲಿಲ್ಲ. ಅವನ ಪ್ಯಾಂಟು ಹಿಡಿದೆ. ಸರಿಯಾಗಿ ಆ ಮೊಣಕಾಲಿಗೇ ಬೂಟಿನಿಂದ ಒದ್ದ. ಕಣ್ಣಿಗೆ ಕತ್ತಲೆ ಬಂತು. ಕೈಯಲ್ಲಿ ದಬ್ಬಳವಿತ್ತು. ಅವನ ಮೀನಖಂಡಕ್ಕೆ ದಾರದ ಸಮೇತ, ದಬ್ಬಳದ ಕಣ್ಣಿನವರೆಗೂ ಇಳಿಸಿದೆ. ನಿಮ್ಮ ಹೋಲಿಕೆಯ ಪಟ್ಟಿಯಲ್ಲಿ ಈ ಚುಚ್ಚುಮದ್ದು ಇಲ್ಲ. ಇದರ ಗುಣ ಕ್ಷಣದಲ್ಲೇ ಕಂಡಿತು: ಜಡೆ ಬಿಟ್ಟ.

ಅವನು ಕುಂಟುತ್ತಾ ಹೋದದ್ದು ನಿಮ್ಮ ಆಸ್ಪತ್ರೆಗೇ. ಮೊಳೆ ಚುಚ್ಚಿತು ಎಂದನಂತೆ. ಆ ಹೊತ್ತಿನಲ್ಲೇ ಗಾಯ ತೊಳೆದು, ಪಟ್ಟಿ ಕಟ್ಟಿ, ಒಂದು ಇಂಜೆಕ್ಷನ್ನನ್ನೂ ಕೊಟ್ಟು ಕಳಿಸಿದ್ದಾರೆ. ಅದಕ್ಕೆ ಯಾವ ಸಮಿತಿಯೂ ಅಡ್ಡ ಬರಲಿಲ್ಲ. ಅವನ ಕಾಲು ವಾಸಿಯಾಗುತ್ತಿದೆ. ನಿನ್ನೆ ರಸ್ತೆಯ ಆಚೆ ಬದಿ ನಿಂತಿದ್ದ. ಆ ಮುದುಕಿ ಇನ್ನೆಷ್ಟು ದಿನ ಕೂತುಕೊಂಡೇ ಕಾಯುತ್ತಾಳೋ ನೋಡುತ್ತೇನೆ ಎಂದು ಪಕ್ಕದ ಅಂಗಡಿಯವನಿಗೆ ಹೇಳಿದ್ದಾನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಚೀಟಿಯನ್ನು ಕೀಳಿಸಿ. ಯಾವ ಕಾಲಿಗೆ ಯಾವ ಮದ್ದು ಎಂಬುದನ್ನು ಆ ಕಾಲನ್ನು ಮುಟ್ಟಿ ನೋಡುವ ಡಾಕ್ಟರಿಗೆ ಬಿಡಿ. ನನ್ನ ಜೆಲ್ಲನ್ನು ಈ ವಾರವೇ ಕೊಡಿಸಿ. ಅದು ಹಿಡಿಯಲು ತಿಂಗಳು ಬೇಕು, ಅವನ ಗಾಯ ಮಾಯಲು ಅಷ್ಟು ಬೇಡ. ನಾನು ಈಗ ಮೆಟ್ಟಿಲು ಹತ್ತಬೇಕಾಗಿಲ್ಲ, ವಾಕಿಂಗ್ ಹೋಗಬೇಕಾಗಿಲ್ಲ. ಎರಡು ಕಾಲ ಮೇಲೆ ಬಾಗಿಲಲ್ಲಿ ನಿಲ್ಲಬೇಕು. ಅಷ್ಟಕ್ಕೂ ನಿಮ್ಮ ನಿಯಮ ಒಪ್ಪುವುದಿಲ್ಲವೆಂದರೆ ಸಂಜೆ ಹೊತ್ತು ನೀವೇ ಬಂದು ನಿಲ್ಲಿ. ನಿಮ್ಮ ಮೊಣಕಾಲು ಇನ್ನೂ ಚೆನ್ನಾಗಿರಬಹುದು.

ಇಂತಿ,
ನೀವು ಬಂದರೆ ಎದ್ದು ನಮಸ್ಕರಿಸಲಾಗದ,
ಹಾಸಿಗೆ ಅಂಗಡಿಯ ಅಜ್ಜಿ